ಮಂಡಿಯ ಸದ್ದಿನಲ್ಲಿ ಏನಿದೆ?

ನಮ್ಮ ಹಿರೇನಲ್ಲೂರಿನಲ್ಲಿ ಐವತ್ತು ದಾಟಿದವರು ಎದ್ದು ನಿಲ್ಲುವಾಗ ‘ಮಂಡಿ ಕಟಕಟ ಅಂತದೆ’ ಎನ್ನುವುದು ಮಾಮೂಲು. ರಾಗಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತ ಮಂಡಿಗಳವು. ಕಡೂರಿಗೆ ಬಸ್ ಹತ್ತಿ ಎಕ್ಸ್‌ರೇ ತೆಗೆಸಿದರೆ ಮೂಳೆ ಕಾಣುತ್ತದೆ. ಅದರ ತುದಿಯಲ್ಲಿ ಸವೆಯುವ ಮೃದ್ವಸ್ಥಿ ನೇರವಾಗಿ ಕಾಣುವುದಿಲ್ಲ. ಎಂಆರ್‌ಐನಲ್ಲಿ ಕಾಣುತ್ತದೆ, ಆದರೆ ಕೂಲಿ ಮಾಡುವವರಿಗೆ ಅದು ದುಬಾರಿ.

ಹಾಗಾದರೆ ಆ ಸದ್ದನ್ನೇ ಅಳೆದರೆ? ಸಿಗ್ನಲ್ ಪ್ರೊಸೆಸಿಂಗ್ ಓದುವಾಗ ನನಗೆ ಸಿಕ್ಕ ಹೆಸರು ರಂಗರಾಜ್ ಎಂ. ರಂಗಯ್ಯನ್. 1976ರಲ್ಲಿ ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಬಿ.ಇ., 1980ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮುಗಿಸಿ, ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು. (ಮಂಡ್ಯದಿಂದ ಮಂಡಿಗೆ ಎಂದು ಗೆಳೆಯನ ತಮಾಷೆ.)

ಅವರ ತಂಡದ ವಿಧಾನ ಸರಳ. ಕಾಲು ಇಳಿಬಿಟ್ಟು ಮೇಜಿನ ಮೇಲೆ ಕೂರಬೇಕು. ಮಂಡಿಚಿಪ್ಪಿನ ನಡುವೆ ಪುಟ್ಟ ಆ್ಯಕ್ಸೆಲೆರೊಮೀಟರ್ ಕಟ್ಟುತ್ತಾರೆ. ನಾಲ್ಕು ಸೆಕೆಂಡಿನಲ್ಲಿ ಕಾಲನ್ನು ಒಮ್ಮೆ ಚಾಚಿ ಮಡಚಿದರೆ ಸಾಕು. ನುಣುಪಾದ ಕೀಲು ಸದ್ದಿಲ್ಲದೆ ಜಾರುತ್ತದೆ, ಒರಟಾದದ್ದು ಹೆಚ್ಚು ಕಂಪಿಸುತ್ತದೆ. ಅವರು ಬಳಸಿದ 89 ದಾಖಲೆಗಳಲ್ಲಿ 51 ಆರೋಗ್ಯವಂತ ಮಂಡಿಗಳದ್ದು, 38 ತೊಂದರೆಯಿದ್ದವುಗಳದ್ದು. ಆ 38 ಮಂದಿಗೆ ಹೇಗೂ ಆರ್ಥ್ರೊಸ್ಕೋಪಿ ನಿಗದಿಯಾಗಿತ್ತು. ಹಾಗಾಗಿ ಕಂಪನ ಹೇಳಿದ್ದನ್ನು ಒಳಗೆ ಕಣ್ಣಾರೆ ಕಂಡದ್ದರ ಜೊತೆ ಹೋಲಿಸಲು ಸಾಧ್ಯವಾಯಿತು. ನನಗೆ ಹಿಡಿಸಿದ್ದು ಈ ಪ್ರಾಮಾಣಿಕತೆ.

ತೊಡಕೂ ಉಂಟು. ಸ್ನಾಯುಗಳೂ ಕಂಪಿಸುತ್ತವೆ, ಅದನ್ನು ಬೇರ್ಪಡಿಸಬೇಕು. ಕೀಲಿನ ದ್ರವದ ಗಾಳಿಗುಳ್ಳೆಯಿಂದಲೂ ‘ಟಕ್’ ಎನ್ನುತ್ತದೆ. ನೋವಿಲ್ಲದ ಸದ್ದಿಗೆ ಹೆದರಬೇಕಿಲ್ಲ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಮಂಡಿಗೆ ಕಟ್ಟುವ ಮೈಕ್ ಪಟ್ಟಿಯ ಪ್ರಯೋಗಗಳೂ ನಡೆದಿವೆ. ಆದರೂ ಇದಿನ್ನೂ ಎಕ್ಸ್‌ರೇಯಂತೆ ದಿನಬಳಕೆಗೆ ಬಂದಿಲ್ಲ.

ಮುಂದಿನ ವರ್ಷದ ಪ್ರಾಜೆಕ್ಟಿಗೆ ನಾವು ಮೂವರು ಇದನ್ನೇ ಆರಿಸಿಕೊಂಡಿದ್ದೇವೆ. ‘ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಮಂಡಿ ಬಗ್ಗೆ ಯಾರು ಕೇಳ್ತಾರೆ? ಒಂದು ಆ್ಯಪ್ ಮಾಡಿ’ ಎಂದವರಿದ್ದಾರೆ. ಶಿಕ್ಷಣ ಸಾಲ ತಲೆಮೇಲಿರುವಾಗ ಅದನ್ನು ಸುಮ್ಮನೆ ತಳ್ಳಿಹಾಕಲಾಗದು. ಆದರೆ ಸ್ನೇಹಿತರೇ, ಕಾರ್ಖಾನೆಯ ಬೇರಿಂಗ್ ಕೆಡುವುದನ್ನು ಮೊದಲೇ ಹಿಡಿಯುವುದೂ ಇದೇ ಕಂಪನ ವಿಶ್ಲೇಷಣೆಯಿಂದ. ಕಲಿತದ್ದಕ್ಕೆ ಕೆಲಸ ಸಿಗದೇ ಹೋಗದು.

ಸೆನ್ಸರ್‌ಗೆ ಕೆಲವು ನೂರು ರೂಪಾಯಿ ಸಾಕು. ಜೊತೆಗೂಡುವ ಮೂಳೆ ತಜ್ಞರನ್ನು ಹುಡುಕಬೇಕು, ಅನುಮತಿ ಪಡೆಯಬೇಕು. ಅಜ್ಜಿಯಂತೂ ಈಗಲೇ ಕಾಲು ಇಳಿಬಿಟ್ಟು ಕೂರಲು ತಯಾರು. ಪಟ್ಟಿ ಬಿಗಿಯಾಗಿ ಕಟ್ಟಬಾರದಂತೆ, ಅದೊಂದೇ ಷರತ್ತು.