ಬೈಲಹೊಂಗಲದ ಲೈಸೆನ್ಸು ದುಬೈಯಲ್ಲಿ ನಡೆಯುತ್ತದೆಯೇ?

ಸುರೇಬಾನದಿಂದ ನರಗುಂದಕ್ಕೆ ಕ್ರೂಸರ್ ಗಾಡಿ ಹೊಡೆಯುವ ಚಾಲಕನಿಗೆ ದಾರಿಯಲ್ಲಿ ಬೆಳಗಾವಿ ಜಿಲ್ಲೆ ಮುಗಿದು ಗದಗ ಜಿಲ್ಲೆ ಶುರುವಾದದ್ದು ಗಮನಕ್ಕೂ ಬರುವುದಿಲ್ಲ. ಆದರೆ 1948ರವರೆಗೆ ತಾಲೂಕು ಕೇಂದ್ರವಾದ ರಾಮದುರ್ಗ ಭಾವೆ ಮನೆತನದ ಸಂಸ್ಥಾನವಾಗಿತ್ತು. ನರಗುಂದವೋ, ಬಾಬಾಸಾಹೇಬನ 1858ರ ಬಂಡಾಯದ ನಂತರ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿಹೋಗಿತ್ತು. ಹತ್ತಾರು ಮೈಲಿಗಳ ಅಂತರದಲ್ಲಿ ಎರಡು ಸರಕಾರ, ಎರಡು ಕಚೇರಿ, ಎರಡು ಮುದ್ರೆ. ಇಂದು ಆ ತೊಡಕಿಲ್ಲ. 1988ರ ಮೋಟಾರು ವಾಹನ ಕಾಯದೆಯ 13ನೆಯ ಕಲಮಿನ ಪ್ರಕಾರ ಬೈಲಹೊಂಗಲದ ಸಾರಿಗೆ ಕಚೇರಿ ಕೊಟ್ಟ ಲೈಸೆನ್ಸು ಇಡೀ ಭಾರತದಲ್ಲಿ ನಡೆಯುತ್ತದೆ. ಕನ್ಯಾಕುಮಾರಿಯಲ್ಲಾಗಲಿ ಕಾಶ್ಮೀರದಲ್ಲಾಗಲಿ ಯಾರೂ ಅದನ್ನು ಅಲ್ಲಗಳೆಯುವಂತಿಲ್ಲ.

ಈ ಅಭ್ಯಾಸದಿಂದಲೇ ಒಂದು ತಪ್ಪು ಕಲ್ಪನೆಯೂ ಬೆಳೆದಿದೆ. ‘ಇಂಟರ್‌ನ್ಯಾಷನಲ್ ಲೈಸೆನ್ಸು’ ಎಂಬುದೊಂದನ್ನು ಮಾಡಿಸಿಕೊಂಡರೆ ದೇಶದೊಳಗೆ ನಡೆದಂತೆ ಲೋಕದಲ್ಲೆಲ್ಲ ನಡೆಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಕೊಲ್ಲಿ ದೇಶಕ್ಕೆ ಡ್ರೈವರ್ ಕೆಲಸಕ್ಕೆಂದು ಸಾಲ ಮಾಡಿ ಹೊರಡುವ ಹುಡುಗರು ಈ ನಂಬಿಕೆಯ ಮೇಲೆಯೇ ವಿಮಾನ ಹತ್ತಿದರೆ ಅದರ ಬೆಲೆ ಬಹಳ ದುಬಾರಿ.

ನಿಜವಾಗಿ ನೋಡಿದರೆ ಅದು ಲೈಸೆನ್ಸೇ ಅಲ್ಲ. ನಮ್ಮ ಲೈಸೆನ್ಸಿನ ಅನುವಾದ. ಮೋಟಾರು ಬಂಡಿಗಳು ಯುರೋಪಿನಲ್ಲಿ ಗಡಿ ದಾಟಿ ಓಡಾಡತೊಡಗಿದಾಗ ಒಂದು ದೇಶದ ಚೀಟಿಯನ್ನು ಇನ್ನೊಂದು ದೇಶದ ಪೋಲೀಸ ಓದಲಾರದಾದ. ಅದಕ್ಕಾಗಿ 1909ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಒಪ್ಪಂದವಾಯಿತು. 1926ರಲ್ಲಿ ಅಲ್ಲಿಯೇ ಮತ್ತೊಂದಾಯಿತು. ಇಂದು ಭಾರತ ನಡೆದುಕೊಳ್ಳುವುದು 1949ರ ಸೆಪ್ಟೆಂಬರಿನ ಜಿನೀವಾ ಒಪ್ಪಂದದಂತೆ. ನಾವು ಅದನ್ನು ಸ್ಥಿರೀಕರಿಸಿದ್ದು 1962ರಲ್ಲಿ. 1968ರಲ್ಲಿ ವಿಯೆನ್ನಾದಲ್ಲಿ ಆದ ಹೊಸ ರಸ್ತೆ ಸಂಚಾರ ಒಪ್ಪಂದಕ್ಕೆ ಭಾರತ ಸೇರಿಲ್ಲ. ಚೀನಾ ಎರಡಕ್ಕೂ ಸೇರಿಲ್ಲವಾದ್ದರಿಂದ ಈ ಪರವಾನಗಿ ಅಲ್ಲಿ ಬರಿಯ ಕಾಗದ. ಜಪಾನು ಜಿನೀವಾ ನಮೂನೆಯದನ್ನೇ ಒಪ್ಪುತ್ತದೆ. ಹಾಗಾಗಿ ಅಲ್ಲಿ ನಮ್ಮದು ನಡೆಯುತ್ತದೆ.

ಜಿನೀವಾ ನಮೂನೆಯ ಪರವಾನಗಿ ಬೂದು ಬಣ್ಣದ ರಟ್ಟಿನ ಸಣ್ಣ ಪುಸ್ತಿಕೆ. ಒಂದೇ ಒಕ್ಕಣೆಯನ್ನು ಹಲವು ಭಾಷೆಗಳಲ್ಲಿ ಅಚ್ಚು ಮಾಡಿರುತ್ತಾರೆ. ಆಯುಷ್ಯ ಒಂದೇ ವರ್ಷ. ಕೊಟ್ಟ ದೇಶದೊಳಗೆ ಅದಕ್ಕೆ ಬೆಲೆಯಿಲ್ಲ, ಮೂಲ ಲೈಸೆನ್ಸು ಜೊತೆಗಿಲ್ಲದಿದ್ದರೆ ಹೊರಗೂ ಇಲ್ಲ. ವಾಹನಗಳನ್ನು ಎ, ಬಿ, ಸಿ, ಡಿ, ಇ ಎಂದು ಐದು ವರ್ಗ ಮಾಡಿರುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ನಮ್ಮ ಕಾಯದೆಯಲ್ಲಿ ‘ಲಘು ವಾಹನ’ವೆಂದರೆ 7,500 ಕಿಲೋ ತನಕ ಇರಬಹುದು. ಪುಸ್ತಿಕೆಯ ‘ಬಿ’ ವರ್ಗ 3,500 ಕಿಲೋಕ್ಕೇ ನಿಲ್ಲುತ್ತದೆ. ಊರಲ್ಲಿ ಲಘು ವಾಹನದ ಲೈಸೆನ್ಸಿನ ಮೇಲೆ ಸಣ್ಣ ಲಾರಿ ಹೊಡೆದವನು ಅಲ್ಲಿ ಅದೇ ತೂಕದ ಗಾಡಿ ಹತ್ತಿದರೆ ವರ್ಗ ಮೀರಿದಂತಾಗುತ್ತದೆ.

ನಮ್ಮ ರಾಜ್ಯಗಳಲ್ಲೂ ಈ ಪುಸ್ತಿಕೆ ಒಂದೇ ತೆರನಾಗಿರಲಿಲ್ಲ. ಒಂದೊಂದು ಕಡೆ ಒಂದೊಂದು ಅಳತೆ, ಒಂದೊಂದು ಬಣ್ಣ. ಹೊರದೇಶದ ಪೋಲೀಸರು ಅನುಮಾನಿಸಿದ್ದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಕೇಂದ್ರ ಸರಕಾರ 2022ರ ಆಗಸ್ಟಿನಲ್ಲಿ ದೇಶಕ್ಕೆಲ್ಲ ಒಂದೇ ನಮೂನೆ ಗೊತ್ತುಮಾಡಿ, ಮೂಲ ಲೈಸೆನ್ಸಿನ ಜೊತೆ ತಾಳೆ ನೋಡಲು ಕ್ಯೂಆರ್ ಗುರುತನ್ನೂ ಸೇರಿಸಿತು. ಇಷ್ಟು ಸಾಮಾನ್ಯ ಸಂಗತಿಗೆ ನಾವು ಆರು ದಶಕ ತೆಗೆದುಕೊಂಡೆವು!

ಆದರೆ ಚಾಲಕನಿಗೆ ಪೆಟ್ಟು ಬೀಳುವುದು ನಮೂನೆಯಿಂದಲ್ಲ, ವೀಸಾದಿಂದ. ಈ ಒಪ್ಪಂದಗಳೆಲ್ಲ ಹುಟ್ಟಿದ್ದು ಪ್ರವಾಸಿಯ ಅನುಕೂಲಕ್ಕೆ. ಬಂದು ಹೋಗುವವನಿಗೆ ಅವು ಬಾಗಿಲು ತೆರೆಯುತ್ತವೆ, ಉಳಿಯಲು ಬಂದವನಿಗಲ್ಲ. ಮಗನ ಮನೆಗೆಂದು ದುಬೈಗೆ ಹೋದ ತಂದೆ ಪುಸ್ತಿಕೆ ತೋರಿಸಿ ಬಾಡಿಗೆ ಕಾರು ಓಡಿಸಬಹುದು. ಕೆಲಸದ ಮೇಲೆ ನಿವಾಸಿ ವೀಸಾ ಪಡೆದ ಮಗನಿಗೆ ಅದೇ ಪುಸ್ತಿಕೆ ಉಪಯೋಗಕ್ಕೆ ಬಾರದು. ಅವನಿಗೆ ಅಲ್ಲಿಯದೇ ಲೈಸೆನ್ಸು ಬೇಕು. ಅಮೆರಿಕ, ಜಪಾನು ಮತ್ತು ಯುರೋಪಿನ ಹಲವು ದೇಶಗಳ ಲೈಸೆನ್ಸನ್ನು ಎಮಿರೇಟುಗಳು ಪರೀಕ್ಷೆಯಿಲ್ಲದೆ ಬದಲಾಯಿಸಿ ಕೊಡುತ್ತವೆ. ಆ ಪಟ್ಟಿಯಲ್ಲಿ ಭಾರತವಿಲ್ಲ. ನಮ್ಮವರು ಸಾಮಾನ್ಯವಾಗಿ ಶಾಲೆಗೆ ಸೇರಿ, ಪಾಠ ಕೇಳಿ, ಪರೀಕ್ಷೆ ಕೊಡಬೇಕು. ನಪಾಸಾದರೆ ಮತ್ತೆ ಹಣ ತೆರಬೇಕು, ಹೀಗೆ ಎರಡು ಮೂರು ಸಲವಾದರೆ ತಿಂಗಳುಗಟ್ಟಲೆ ಸಂಬಳ ಅದಕ್ಕೇ ಹೋಯಿತು. ತಾಯ್ನಾಡಿನ ಲೈಸೆನ್ಸು ಇದ್ದವರು ತರಗತಿಗಳಿಲ್ಲದೆ ನೇರವಾಗಿ ಒಂದು ಸಲ ಪರೀಕ್ಷೆಗೆ ಕೂಡಬಹುದೆಂದು ದುಬೈ 2023ರಲ್ಲಿ ಒಂದು ಅವಕಾಶ ಕೊಟ್ಟಿತು. ಒಂದೇ ಸಲ ಎಂಬುದನ್ನು ಗಮನಿಸಬೇಕು.

ಪರೀಕ್ಷೆಯ ಖರ್ಚು ಉಳಿಸಲು ಹಾಗೆಯೇ ಓಡಿಸಿದರೆ? ಅಪಘಾತವಾಗುವವರೆಗೆ ಏನೂ ಆಗದಿರಬಹುದು. ಆದ ದಿನ ವಿಮಾ ಕಂಪನಿ ಮೊದಲು ಕೇಳುವುದೇ ಲೈಸೆನ್ಸನ್ನು. ಅದು ಸಿಂಧುವಲ್ಲದಿದ್ದರೆ ಗಾಯಗೊಂಡವರಿಗೆ ಕೊಟ್ಟ ಹಣವನ್ನೂ, ಸಾವು ಸಂಭವಿಸಿದ್ದರೆ ‘ದಿಯಾ’ ಎಂಬ ಪರಿಹಾರವನ್ನೂ ಚಾಲಕನಿಂದಲೇ ವಸೂಲು ಮಾಡಲು ಅದು ಮುಂದಾಗಬಹುದು. ಊರಲ್ಲಿದ್ದ ಹೊಲ ಮಾರಿದರೂ ಆ ಸಾಲ ಹರಿಯುವುದು ಕಷ್ಟ.

ಬ್ರಿಟನ್ನಿನದು ಬೇರೊಂದು ಬಗೆ. ಅಲ್ಲಿ ನೆಲೆಸಿದ ದಿನದಿಂದ ಹನ್ನೆರಡು ತಿಂಗಳು ಭಾರತದ ಲೈಸೆನ್ಸಿನ ಮೇಲೆಯೇ ಕಾರು ಓಡಿಸಬಹುದು, ಪುಸ್ತಿಕೆಯೂ ಬೇಡ. ವರ್ಷ ತುಂಬಿದ ಮರುದಿನ ಮಾತ್ರ ಇಪ್ಪತ್ತು ವರ್ಷ ಗಾಡಿ ಓಡಿಸಿದವನೂ ಕಲಿಯುವವನೇ. ಪಕ್ಕದಲ್ಲೊಬ್ಬ ಲೈಸೆನ್ಸಿನವನನ್ನು ಕೂಡಿಸಿಕೊಂಡು, ಕೆಂಪು ‘ಎಲ್’ ಹಲಗೆ ಕಟ್ಟಿಕೊಂಡು ಹೊರಡಬೇಕು. ಜರ್ಮನಿಯಲ್ಲಿ ಈ ವಾಯಿದೆ ಆರು ತಿಂಗಳು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ: ಕ್ಯಾಲಿಫೋರ್ನಿಯದಲ್ಲಿ ನಿವಾಸಿಯಾದವನಿಗೆ ಹತ್ತು ದಿನ, ಟೆಕ್ಸಾಸಿನಲ್ಲಿ ತೊಂಬತ್ತು. ಬೆಂಗಳೂರಿನಿಂದ ಹೋದ ಗಣಕ ತಂತ್ರಜ್ಞ ಇದನ್ನು ಕಚೇರಿಯವರಿಂದಲೇ ತಿಳಿದುಕೊಳ್ಳುತ್ತಾನೆ. ಸುರೇಬಾನದ ಮಗ್ಗ ಬಿಟ್ಟು ಸ್ಟೇರಿಂಗ್ ಹಿಡಿಯಲು ಹೊರಟವನಿಗೆ ಏಜೆಂಟ ಹೇಳಿದ್ದೇ ಕಾಯದೆ.

ಏಜೆಂಟರ ಮಾತು ಬಂದಾಗ ಇನ್ನೊಂದನ್ನು ಹೇಳಬೇಕು. ಹತ್ತು ವರ್ಷ, ಇಪ್ಪತ್ತು ವರ್ಷ ನಡೆಯುವ ‘ಅಂತರರಾಷ್ಟ್ರೀಯ ಲೈಸೆನ್ಸು’ ಕೊಡುತ್ತೇವೆಂದು ಮಾರುವವರಿದ್ದಾರೆ. ಜಿನೀವಾ ನಮೂನೆಯದಕ್ಕೆ ಒಂದು ವರ್ಷ, ವಿಯೆನ್ನಾ ನಮೂನೆಯದಕ್ಕೆ ಹೆಚ್ಚೆಂದರೆ ಮೂರು. ಅದಕ್ಕಿಂತ ದೀರ್ಘಾಯುಷ್ಯದ್ದು ಯಾವುದೂ ಅಸಲಿಯಲ್ಲ.

ಅಸಲಿ ಪುಸ್ತಿಕೆ ನಮ್ಮಲ್ಲಿ ಸಿಗುವುದು ಲೈಸೆನ್ಸು ಕೊಡುವ ಸಾರಿಗೆ ಕಚೇರಿಯಲ್ಲಿ. ಅರ್ಜಿ ಅಂತರಜಾಲದ ಮೂಲಕವೂ ನಡೆಯುತ್ತದೆ. ನಮೂನೆ 4-ಎ ತುಂಬಿ, ಚಾಲ್ತಿಯಲ್ಲಿರುವ ಲೈಸೆನ್ಸು ಮತ್ತು ಪಾಸಪೋರ್ಟಿನ ಪ್ರತಿ ಲಗತ್ತಿಸಬೇಕು. ಕೇಂದ್ರ ನಿಯಮದಂತೆ ಶುಲ್ಕ ಒಂದು ಸಾವಿರ ರೂಪಾಯಿ. ಅರ್ಜಿಯ ಹೊತ್ತಿಗೇ ವೀಸಾ ಮತ್ತು ವೈದ್ಯರ ಪ್ರಮಾಣಪತ್ರ ಇರಬೇಕೆಂಬ ಷರತ್ತನ್ನು 2021ರ ಜನವರಿಯಲ್ಲಿ ತೆಗೆದುಹಾಕಿದರು. ಪರದೇಶದಲ್ಲಿರುವಾಗಲೇ ಅದರ ಅವಧಿ ಮುಗಿದರೆ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕುವ ಸೌಲಭ್ಯವೂ ಆಗಲೇ ಬಂದಿತು. ಆ ಅರ್ಜಿ ಅಲ್ಲಿಂದ ಮೂಲ ಲೈಸೆನ್ಸು ಕೊಟ್ಟ ಕಚೇರಿಗೆ ಬರುತ್ತದೆ, ಹೊಸ ಪುಸ್ತಿಕೆ ಅಂಚೆಯಲ್ಲಿ ಅವನಿದ್ದ ವಿಳಾಸಕ್ಕೆ ಹೋಗುತ್ತದೆ.