ಮೈದಾನದ ಒಡೆಯ

ತೋಫಿನ ಕೆಲಸ ತಿಳಿಯುವುದು ಕಷ್ಟವಲ್ಲ. ಒಂದು ಬದಿ ಮುಚ್ಚಿದ ದಪ್ಪ ಕೊಳವೆ. ಅದರ ಬುಡದಲ್ಲಿ ಮದ್ದು, ಅದರ ಮುಂದೆ ಗುಂಡು. ಪೆಟ್ಲುಪ್ಪು, ಗಂಧಕ, ಇದ್ದಿಲು ಕೂಡಿಸಿ ಮಾಡಿದ ಮದ್ದಿಗೆ ಹಿಂದಿನ ಸಣ್ಣ ರಂಧ್ರದಿಂದ ಬೆಂಕಿ ತಗುಲಿದೊಡನೆ ಅದು ಅನಿಲವಾಗಿ ಹಿಗ್ಗಿ ಗುಂಡನ್ನು ಹೊರಗೆ ನೂಕುತ್ತದೆ. ಕೊಳವೆಯೇ ಸೀಳಿತೆಂದರೆ ಬತ್ತಿ ಹಚ್ಚಿದವನು ಮೊದಲು ಸಾಯುತ್ತಾನೆ. ಆದ್ದರಿಂದ ತೋಫಿನ ವಿದ್ಯೆಯೆಲ್ಲ ಕೊಳವೆ ಮಾಡುವುದರಲ್ಲಿಯೇ ಇತ್ತು.

ಇದಕ್ಕೆ ಎರಡು ದಾರಿಗಳಿದ್ದವು. ಎರಡನ್ನೂ ವಿಜಾಪುರದಲ್ಲಿ (ಇಂದಿನ ವಿಜಯಪುರ) ನೋಡಬಹುದು. ಕಬ್ಬಿಣದ ಪಟ್ಟಿಗಳನ್ನು ಸುತ್ತಲೂ ಜೋಡಿಸಿ, ಬಂಡಿಯ ಗಾಲಿಗೆ ಹಳಿ ಕೂಡಿಸುವಂತೆ ಕಾದ ಬಳೆಗಳನ್ನು ತೊಡಿಸಿ ಬಿಗಿಯುವುದು ಒಂದು. ಉಪ್ಪಲಿ ಬುರುಜಿನ ಮೇಲಿನ 30 ಅಡಿಗೂ ಉದ್ದವಾದ ತೋಫು ಇಂಥದು. ಕಂಚನ್ನು ಕರಗಿಸಿ ಅಚ್ಚಿನಲ್ಲಿ ಎರಕ ಹೊಯ್ಯುವುದು ಇನ್ನೊಂದು. ಇದರಲ್ಲಿ ಬೆಸುಗೆಯೇ ಇಲ್ಲ, ಆದರೆ ಖರ್ಚು ಬಹಳ. 'ಮಲಿಕ್-ಇ-ಮೈದಾನ್' ಈ ಬಗೆಯದು. ಹೆಸರಿನ ಅರ್ಥ ಮೈದಾನದ ಒಡೆಯ.

ಇದನ್ನು 1549ರಲ್ಲಿ ಅಹಮದನಗರದ ನಿಜಾಮಶಾಹಿಗಾಗಿ ಎರಕ ಹೊಯ್ದವನು ಮಹಮ್ಮದ್ ಬಿನ್ ಹಸನ್ ರೂಮಿ ಎಂಬ ತುರ್ಕ. ತೂಕ ಸುಮಾರು 55 ಟನ್, ಉದ್ದ 14 ಅಡಿಗೂ ಮಿಕ್ಕು. ಒಳಬಾಯಿಯ ಅಗಲ ಸುಮಾರು 70 ಸೆಂಟಿಮೀಟರು, ಹೊರಗಿನದು ಸುಮಾರು ಒಂದೂವರೆ ಮೀಟರು. ಅಂದರೆ ಗೋಡೆಯೇ ಒಂದು ಮೊಳದಷ್ಟು ದಪ್ಪ! ಈ ಬಾಯಿಗೆ ಹಿಡಿಸುವ ಕಬ್ಬಿಣದ ಗುಂಡು ಒಂದು ಟನ್ನಿಗೂ ಹೆಚ್ಚು ತೂಗೀತು. ಕಲ್ಲಿನದಾದರೆ ಅದರ ಮೂರರಲ್ಲೊಂದು ಪಾಲು. ದೊಡ್ಡ ತೋಫುಗಳಿಗೆ ಕಲ್ಲುಗುಂಡು ಏಕೆ ಬಳಸುತ್ತಿದ್ದರೆಂಬುದು ಇದರಿಂದ ತಿಳಿಯುತ್ತದೆ. ತೋಫಿನ ಮೂತಿ ಸಿಂಹದ್ದು, ಅದರ ಹಲ್ಲುಗಳ ನಡುವೆ ಆನೆಯೊಂದು ಸಿಕ್ಕಿಕೊಂಡಿದೆ.

1565ರ ತಾಳೀಕೋಟೆ ಯುದ್ಧದಲ್ಲಿ ನಿಜಾಮಶಾಹಿಯ ತೋಫುಗಳಿಗೆ ತಾಮ್ರದ ದುಡ್ಡಿನ ಚೀಲಗಳನ್ನೇ ತುಂಬಿ ಹಾರಿಸಿದರೆಂದೂ, ಈ ತೋಫೂ ಅಲ್ಲಿತ್ತೆಂದೂ ಹೇಳುತ್ತಾರೆ. ದುಡ್ಡು ಚದರಿ ಹಾರುವುದರಿಂದ ಹತ್ತಿರದ ದಂಡಿಗೆ ಒಂದೇ ಗುಂಡಿಗಿಂತ ಹೆಚ್ಚು ಹಾನಿ.

ಮುಂದೆ ಇದು ನಮ್ಮ ಸೊಲ್ಲಾಪುರ ಜಿಲ್ಲೆಯ ನೆರೆಯ ಪರಾಂಡಾ ಕೋಟೆಯಲ್ಲಿತ್ತು. 1632ರಲ್ಲಿ ಆದಿಲಶಾಹಿಯ ಮುರಾರಿ ಪಂಡಿತ ಅಲ್ಲಿಂದ ವಿಜಾಪುರಕ್ಕೆ ಸಾಗಿಸಿದ. 400 ಎತ್ತು, 10 ಆನೆ ಹೂಡಿದರೆಂಬ ಮಾತಿದೆ. ಭೀಮೆಯನ್ನು ದಾಟಿಸಿದವರ ಕಷ್ಟ ಅವರಿಗೇ ಗೊತ್ತು. 1686ರಲ್ಲಿ ವಿಜಾಪುರ ಬಿದ್ದಾಗ ಔರಂಗಜೇಬನು ತನ್ನ ಜಯದ ಶಾಸನವನ್ನು ಇದರ ಮೈಮೇಲೆಯೇ ಕೆತ್ತಿಸಿದ.

1854ರಲ್ಲಿ ಇಂಗ್ಲಿಷ್ ಸರ್ಕಾರ ಇದನ್ನು ಹಳೆಯ ಸಾಮಾನೆಂದು ಹರಾಜಿಗಿಟ್ಟಿತು. ಬಂದ ಬೆಲೆ ನೂರೈವತ್ತು ರೂಪಾಯಿ! ಅಷ್ಟು ಅಗ್ಗಕ್ಕೆ ಕೊಡಲು ಮನಸ್ಸಾಗದೆ ಮಾರಾಟ ರದ್ದಾಯಿತು. ತೋಫು ಇಂದಿಗೂ ಶೇರ್ಜಾ ಬುರುಜಿನ ಮೇಲಿದೆ.