‘ಲವಂಗದೆಣ್ಣಿ ಅದ, ಏನಾಗ್ತದ್ರೀ?’

ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿಡುವ ಎಣ್ಣೆ. ಗಿಡದಿಂದ ಬಂದದ್ದು, ಅಡುಗೆಮನೆಯದ್ದು. ಹಾಗಾಗಿ ಮೀನಿಗೆ ಮಂಪರು ಬರಿಸಲು ಎಷ್ಟು ಹಾಕಿದರೂ ನಡೆಯುತ್ತದೆ, ಪರೀಕ್ಷೆ-ಗಿರೀಕ್ಷೆ ಎಲ್ಲ ಕಂಪನಿಗಳ ಆಟ! ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕಾರೆಕಾಯಿಯೂ ಗಿಡದ್ದೇ. ಅದನ್ನು ಜಜ್ಜಿ ಮಡುವಿಗೆ ಹಾಕಿ ಮೀನು ತೇಲಿಸುವುದು ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ.

ತಾಯಿಮೀನಿಗೆ ಹಾರ್ಮೋನ್ ಚುಚ್ಚುವಾಗ, ತೂಕ ಮಾಡುವಾಗ, ದೂರ ಸಾಗಿಸುವಾಗ ಮಂಪರು ಉಪಯೋಗಕ್ಕೆ ಬರುತ್ತದೆ, ನಿಜ. ಲವಂಗದೆಣ್ಣೆಯಲ್ಲಿ ಆ ಕೆಲಸ ಮಾಡುವುದು ಯೂಜಿನಾಲ್. ಅದು ಒಂದು ಬಾಟಲಿಯಲ್ಲಿ ನೂರಕ್ಕೆ 70 ಇದ್ದರೆ ಇನ್ನೊಂದರಲ್ಲಿ 90. ನೀರಿಗೆ ನೇರ ಸುರಿದರೆ ಬೆರೆಯುವುದೂ ಇಲ್ಲ, ಮೊದಲು ಆಲ್ಕೋಹಾಲ್‌ನಲ್ಲಿ ಕರಗಿಸಬೇಕು. ಮನುಷ್ಯನಿಗೆ ಸೂಜಿ ಒಮ್ಮೆ ಚುಚ್ಚಿದರೆ ಮುಗಿಯಿತು. ಮೀನು ಆ ನೀರಿನಲ್ಲಿ ಇರುವಷ್ಟು ಹೊತ್ತೂ ಕಿವಿರಿನಿಂದ ಔಷಧ ಎಳೆದುಕೊಳ್ಳುತ್ತಲೇ ಇರುತ್ತದೆ. ಮೊದಲು ಹೊರಳುತ್ತದೆ, ಆಮೇಲೆ ಅಲುಗದು, ಕೊನೆಗೆ ಕಿವಿರಾಟವೇ ನಿಂತುಹೋಗುತ್ತದೆ. ನೀರು ಬೆಚ್ಚಗಿದ್ದರೆ ಇದೆಲ್ಲ ಬೇಗ ಬೇಗ ಆಗುತ್ತದೆ. ತಣ್ಣೀರಿನ ಟ್ರೌಟ್ ಮೀನಿಗೆ ಹೊಂದಿಸಿದ ಪ್ರಮಾಣವನ್ನು ಏಪ್ರಿಲ್ ಬಿಸಿಲಿನ ಸಾಲಗುಂದದಂಥ ಊರಿನಲ್ಲಿ ಕಾಟ್ಲಾ, ರೋಹುವಿಗೆ ಹಾಗೇ ಹಾಕುವುದು ಯಾವ ಲೆಕ್ಕ?

ಪರೀಕ್ಷೆ ಇರುವುದೇ ಇದಕ್ಕೆ. ಹೇಳಿದ ಪ್ರಮಾಣದ ಜೊತೆಗೆ ಅದರ ಮೂರು ಪಟ್ಟು, ಐದು ಪಟ್ಟು ಕೊಟ್ಟು, ಮೀನಿನ ಕಿವಿರು, ಯಕೃತ್ತನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮಾಂಸದಲ್ಲಿ ಔಷಧದ ಅಂಶ ದಿನದಿಂದ ದಿನಕ್ಕೆ ಎಷ್ಟು ಇಳಿಯಿತೆಂದು ಅಳೆಯುತ್ತಾರೆ. ಟ್ರೈಕೇನ್ ಎಂಬ ಬಿಳಿ ಪುಡಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿರುವುದು ಹೀಗೆ, ಅದೂ 21 ದಿನ ಕಾದ ಮೇಲೆಯೇ ಮೀನು ತಿನ್ನಬೇಕೆಂಬ ಕಟ್ಟಳೆಯೊಂದಿಗೆ. ಆ ಪುಡಿಯ ಚೀಟಿಯಲ್ಲಿ ಹೆಸರಿಸಿದ ಮೀನಿನ ಕುಲಗಳಲ್ಲಿ ನಮ್ಮ ಕಾಟ್ಲಾ, ರೋಹು ಸೇರಿದ ಗೆಂಡೆಯ ಕುಲವಿಲ್ಲ. ಲವಂಗದೆಣ್ಣೆಗಂತೂ ತಿನ್ನುವ ಮೀನಿನ ಮಟ್ಟಿಗೆ ಅಲ್ಲಿ ಒಪ್ಪಿಗೆಯೇ ಸಿಕ್ಕಿಲ್ಲ. ಯೂಜಿನಾಲ್‌ನ ದಾಯಾದಿ ಐಸೊಯೂಜಿನಾಲ್ ಗಂಡು ಇಲಿಗಳಲ್ಲಿ ಯಕೃತ್ತಿನ ಗಡ್ಡೆ ತರುತ್ತದೆಂದು 2010ರಲ್ಲಿ ಅಲ್ಲಿನ ಸರ್ಕಾರಿ ವಿಷಶಾಸ್ತ್ರ ಅಧ್ಯಯನ ಹೇಳಿತು. ಅದೂ ಲವಂಗದ ವಾಸನೆಯದೇ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಮಂಪರಾದ ಮೀನು ತಿಂದರೆ ನಮಗೂ ನಿದ್ದೆ ಬರುತ್ತದೆಯೇ? ಇಲ್ಲ. ದಿನ ಕಾಯುವುದು ನಿದ್ದೆಯ ಭಯಕ್ಕಲ್ಲ, ಮಾಂಸದಲ್ಲಿ ಉಳಿಯುವ ಅಂಶಕ್ಕೆ. ಮಂಪರಾದ ಮರಿಗಳ ಚೀಲಕ್ಕೆ ಆಕ್ಸಿಜನ್ ಬೇಡವೇ? ಕಡಿಮೆ ಸಾಕು, ಬೇಡವೇ ಬೇಡ ಎಂದಲ್ಲ. 2018ರಲ್ಲಿ ಕೇರಳದಲ್ಲಿ ಮೀನಿನಲ್ಲಿ ಸಿಕ್ಕಿಬಿದ್ದ ಫಾರ್ಮಾಲಿನ್ ಈ ಮಂಪರಿನ ಔಷಧವೇ ಏನು? ಅದು ಸತ್ತ ಮೀನು ಕೆಡದಂತೆ ಹಾಕುವುದು, ಇದಕ್ಕೂ ಅದಕ್ಕೂ ನಂಟಿಲ್ಲ.

‘ಕೆಮಿಕಲ್’ ಎಂದರೆ ಹೌಹಾರುವವರೇ ಹೆಸರಿಲ್ಲದ ‘ನ್ಯಾಚುರಲ್’ ಬಾಟಲಿಯನ್ನು ಕಣ್ಣಿಗೊತ್ತಿಕೊಂಡು ಕೊಳ್ಳುತ್ತಾರೆ. ಪರೀಕ್ಷೆಗೆ ಒಳಗಾದದ್ದರ ಮೇಲೆ ಅನುಮಾನ, ಆಗದ್ದರ ಮೇಲೆ ಭಕ್ತಿ. ಬಾಟಲಿಯ ಮೇಲೆ ನಿಮ್ಮ ಮೀನಿನ ಹೆಸರು, ಲೀಟರಿಗೆ ಎಷ್ಟು, ಎಷ್ಟು ದಿನ ಕಾಯಬೇಕು, ಈ ಮೂರೂ ಇಲ್ಲದಿದ್ದರೆ ಮಾರುವ ಮೀನಿಗೆ ಅದನ್ನು ಹಾಕಬೇಡಿ.